ದಕ್ಷಿಣ ಇಟಲಿಯಲ್ಲಿ ಕಾರು: ಎಲ್ಲಿ ಓಡಿಸಬೇಕು, ಎಲ್ಲಿ ನಿಲ್ಲಿಸಿ ಇಳಿಯಬೇಕು

ಪ್ರಶ್ನೆ: ಮೇ ಕೊನೆಯಲ್ಲಿ ಎಂಟು ದಿನ ದಕ್ಷಿಣ ಇಟಲಿಗೆ ಹೋಗುತ್ತಿದ್ದೇವೆ. ನಾನು, ಹೆಂಡತಿ, ಅರವತ್ತೈದು ದಾಟಿದ ಅಪ್ಪ-ಅಮ್ಮ. ಬಾಡಿಗೆ ಕಾರಿನಲ್ಲಿ ಅಮಾಲ್ಫಿ ಕರಾವಳಿ, ಮತೇರಾ, ಅಲ್ಬೆರೊಬೆಲ್ಲೊ, ಲೆಚ್ಚೆ, ಒತ್ರಾಂತೊ ಎಲ್ಲವನ್ನೂ ನೋಡುವ ಆಸೆ. ಬೆಂಗಳೂರಿನಲ್ಲಿ ದಿನಾ ಕಾರು ಓಡಿಸುತ್ತೇನೆ, ಆದರೆ ರಸ್ತೆಯ ಬಲಬದಿಯಲ್ಲಿ ಎಂದೂ ಓಡಿಸಿಲ್ಲ. ಹಳೆ ಊರುಗಳಲ್ಲಿ ಕ್ಯಾಮೆರಾ ದಂಡ ಬೀಳುತ್ತದೆ ಎಂದು ಕೇಳಿ ಭಯವಾಗಿದೆ. ಅಪ್ಪ-ಅಮ್ಮ ಸಸ್ಯಾಹಾರಿಗಳು. ಈ ಯೋಜನೆ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ, ಅಮಾಲ್ಫಿಯನ್ನು ಬಿಟ್ಟರೆ. ಅಮಾಲ್ಫಿ ಚೆನ್ನಾಗಿಲ್ಲ ಎಂದಲ್ಲ. ಅದು ಕಾರಿನಲ್ಲಿ ಹೋಗುವ ಜಾಗವಲ್ಲ. ಪೊಸಿತಾನೊದಿಂದ ವಿಯೆತ್ರಿವರೆಗಿನ ಎಸ್‌ಎಸ್ 163 ರಸ್ತೆ ಬಂಡೆಗೂ ಕಡಲಿಗೂ ನಡುವೆ ಕಿರಿದಾಗಿ ಹೋಗುತ್ತದೆ. ಎದುರಿಗೆ ಬಸ್ಸು ಬಂದರೆ ಹಿಂದಕ್ಕೆ ಸರಿದು ಜಾಗ ಕೊಡಬೇಕು. ಜನದಟ್ಟಣೆಯ ತಿಂಗಳುಗಳಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿಯ ಮೇಲೆ ಸಮ-ಬೆಸ ನಿಯಮವೂ ಜಾರಿಯಲ್ಲಿರುತ್ತದೆ, ಪ್ರವಾಸಿಗರ ಬಾಡಿಗೆ ಕಾರಿಗೂ ಅದು ಅನ್ವಯ. ಅಲ್ಲಿಂದ ಪೂರ್ವ ಕರಾವಳಿಯ ಬಾರಿ ಎಂಬ ಊರಿನ ಕಡೆಗೆ ಬೆಟ್ಟ ದಾಟಿ ಬರುವುದರಲ್ಲಿ ಎಂಟು ದಿನದಲ್ಲಿ ಎರಡು ದಿನ ಕರಗಿಹೋಗುತ್ತವೆ. ಅಮಾಲ್ಫಿಯನ್ನು ಮುಂದೊಮ್ಮೆ ಸಲೆರ್ನೊದಿಂದ ದೋಣಿಯಲ್ಲಿ ನೋಡಿ.

ಇಟಲಿಯ ಬೂಟಿನ ಹಿಮ್ಮಡಿಯಲ್ಲಿರುವ ಪುಲ್ಯಾ ಮತ್ತು ಪಕ್ಕದ ಬಾಸಿಲಿಕಾತಾದ ಮತೇರಾ ಮಾತ್ರ ಕಾರಿಗೆ ಹೇಳಿ ಮಾಡಿಸಿದ ಸೀಮೆ. ನೆಲ ಬಹುತೇಕ ಸಮತಟ್ಟು, ಒಂದೂರಿಂದ ಇನ್ನೊಂದಕ್ಕೆ ಹತ್ತಿಪ್ಪತ್ತು ಕಿಲೋಮೀಟರು. ಒಳನಾಡಿನಲ್ಲಿ ರೈಲು-ಬಸ್ಸು ಕಡಿಮೆ, ಭಾನುವಾರ ಇನ್ನೂ ಕಡಿಮೆ. ಬಾರಿಯಲ್ಲಿ ಇಳಿದು ಬಾರಿಯಲ್ಲೇ ವಿಮಾನ ಹತ್ತಿ. ನಾನು ಸೂಚಿಸುವ ದಾರಿಯಲ್ಲಿ ಟೋಲ್ ರಸ್ತೆಯನ್ನು ಹಿಡಿಯುವ ಅಗತ್ಯವೂ ಬೀಳುವುದಿಲ್ಲ.

ಇನ್ನು ನಿಮ್ಮ ಭಯದ ವಿಷಯ. ಅದಕ್ಕೆ ಕಾರಣವಿದೆ, ಆದರೆ ತಪ್ಪಿಸಿಕೊಳ್ಳುವುದು ಸುಲಭ. ಬಾರಿ, ಲೆಚ್ಚೆ, ಒಸ್ತೂನಿ, ಒತ್ರಾಂತೊ, ಗಲ್ಲೀಪೊಲಿ, ಮತೇರಾ ಎಲ್ಲ ಕಡೆ ಹಳೆ ಊರಿನ ಬಾಯಿಗೆ 'ಝಡ್‌ಟಿಎಲ್' ಎಂಬ ನಿರ್ಬಂಧಿತ ವಲಯವಿದೆ. ಬಿಳಿ ನೆಲ, ಕೆಂಪು ಅಂಚಿನ ದುಂಡು ಫಲಕ, ಅದರ ಹತ್ತಿರ ಒಂದು ಕ್ಯಾಮೆರಾ. ಗೇಟಿಲ್ಲ, ಪೊಲೀಸರಿಲ್ಲ, ಒಳಗೆ ಹೋದದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಕೆಲವೆಡೆ ಫಲಕದ ಜೊತೆ ಬೆಳಗುವ ಅಕ್ಷರಗಳಿರುತ್ತವೆ: 'ವಾರ್ಕೊ ಅತ್ತೀವೊ' ಎಂದಿದ್ದರೆ ಕ್ಯಾಮೆರಾ ಕೆಲಸ ಮಾಡುತ್ತಿದೆ, ಹೋಗಬಾರದು. 'ವಾರ್ಕೊ ನೊನ್ ಅತ್ತೀವೊ' ಎಂದಿದ್ದರೆ ಹೋಗಬಹುದು. ಬಹಳ ಜನ ಮೊದಲನೆಯದನ್ನು 'ದಾರಿ ತೆರೆದಿದೆ' ಎಂದು ಓದಿ ಸಿಕ್ಕಿಬೀಳುತ್ತಾರೆ. ಒಂದು ಸಲ ದಾಟಿದರೆ 80 ಯೂರೋ ಆಸುಪಾಸಿನಿಂದ ದಂಡ ಶುರು. ದಾರಿ ತಪ್ಪಿ ಅದೇ ಬೀದಿಯಲ್ಲಿ ಎರಡು ಸಲ ಸುತ್ತಿದರೆ ಎರಡು ದಂಡ.

ತಪ್ಪು ಆಗುವುದು ಸಾಮಾನ್ಯವಾಗಿ ಹೀಗೆ: ಹೋಟೆಲಿನ ಹೆಸರನ್ನು ಮ್ಯಾಪಿಗೆ ಹಾಕುತ್ತೀರಿ, ಹೋಟೆಲು ಹಳೆ ಊರಿನೊಳಗಿದೆ, ಮ್ಯಾಪು ನೇರ ಬಾಗಿಲಿಗೇ ಕರೆದೊಯ್ಯುತ್ತದೆ. ಈ ವಲಯಗಳ ಗಡಿ, ಗಂಟೆ, ಋತು ಊರಿಂದೂರಿಗೆ ಬೇರೆ. ಮ್ಯಾಪನ್ನು ನಂಬಿ ಕೂರುವಂತಿಲ್ಲ. ಆದ್ದರಿಂದ ಹೋಟೆಲಿನ ಹೆಸರು ಹಾಕಲೇಬೇಡಿ, ಊರ ಗೋಡೆಯ ಹೊರಗಿನ ಪಾರ್ಕಿಂಗ್ ಜಾಗದ ಹೆಸರು ಹಾಕಿ. ಪ್ರತಿ ಹೋಟೆಲಿಗೂ ಎರಡು ಪ್ರಶ್ನೆ ಮೊದಲೇ ಬರೆದು ಕೇಳಿ: ನೀವು ಝಡ್‌ಟಿಎಲ್ ಒಳಗಿದ್ದೀರಾ? ಕಾರಿನ ನಂಬರ್ ಕಳಿಸಿದರೆ ನೋಂದಾಯಿಸುತ್ತೀರಾ? ಕೆಲವು ಊರುಗಳಲ್ಲಿ ಹೀಗೆ ನೋಂದಾಯಿಸಿದ ಕಾರು ಸಾಮಾನು ಇಳಿಸಲು ಒಳಗೆ ಬರಬಹುದು. ಆ ಒಪ್ಪಿಗೆ ಲಿಖಿತವಾಗಿ ಕೈಗೆ ಬರುವವರೆಗೆ ಫಲಕ ದಾಟಬೇಡಿ.

ಇದನ್ನು ತೊಂದರೆ ಎಂದು ನೋಡುವುದಕ್ಕಿಂತ ಈ ಪ್ರವಾಸದ ರೀತಿಯೇ ಇದು ಎಂದು ಒಪ್ಪಿಕೊಳ್ಳುವುದು ಒಳ್ಳೆಯದು. ಕಾರು ಊರಿಂದೂರಿಗೆ ಹೋಗಲು, ಊರೊಳಗೆ ಕಾಲ್ನಡಿಗೆ. ಅಲ್ಲಿನ ಓಣಿಗಳು ಕತ್ತೆ-ಗಾಡಿಗಳ ಕಾಲದವು, ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥವು.

ಪಾರ್ಕಿಂಗಿಗೆ ನೆಲದ ಮೇಲಿನ ಗೆರೆ ನೋಡಿ. ನೀಲಿ ಗೆರೆಗೆ ಹಣ ಕೊಡಬೇಕು, ಬಿಳಿ ಉಚಿತ, ಹಳದಿ ಅಲ್ಲಿನ ನಿವಾಸಿಗಳಿಗೋ ಅಂಗವಿಕಲರಿಗೋ ಮೀಸಲು. ಬಿಳಿ ಗೆರೆಯಲ್ಲೂ ಕೆಲವೆಡೆ ಬಂದ ಗಂಟೆಯನ್ನು ತೋರಿಸುವ ರಟ್ಟಿನ ಡಿಸ್ಕನ್ನು ಗಾಜಿನ ಹಿಂದೆ ಇಡಬೇಕು. ಫಲಕದಲ್ಲಿ ಗಂಟೆಯ ಪಕ್ಕ ಪುಟ್ಟ ಚಿತ್ರಗಳಿರುತ್ತವೆ: ಒಂದರ ಮೇಲೊಂದು ಅಡ್ಡಹಾಕಿದ ಎರಡು ಸುತ್ತಿಗೆ ಎಂದರೆ ಆ ಗಂಟೆಗಳು ಕೆಲಸದ ದಿನಕ್ಕೆ, ಶಿಲುಬೆ ಎಂದರೆ ಭಾನುವಾರ ಮತ್ತು ಹಬ್ಬಕ್ಕೆ. ಇದನ್ನು ಓದಲು ಬಂದರೆ ಅರ್ಧ ಗೊಂದಲ ಮುಗಿಯಿತು. 'ಮೆರ್ಕಾತೊ' ಎಂಬ ಪದ ಕಂಡರೆ ಅದರ ಪಕ್ಕದ ವಾರ ಯಾವುದೆಂದು ನೋಡಲೇಬೇಕು. ಆ ದಿನ ಅಲ್ಲಿ ಸಂತೆ, ಬೆಳಗ್ಗೆ ಕಾರು ಎತ್ತಿಕೊಂಡು ಹೋಗುತ್ತಾರೆ.

ದಾಖಲೆಗೆ ಬರೋಣ. ಕರ್ನಾಟಕದ ಲೈಸೆನ್ಸ್ ಒಂದೇ ಸಾಲದು. ನಿಮ್ಮ ವ್ಯಾಪ್ತಿಯ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬೇಕು: ನಮೂನೆ 4ಎ, ಶುಲ್ಕ 1000 ರೂಪಾಯಿ, ಒಂದು ವರ್ಷದ ಅವಧಿ. ಅದರ ಜೊತೆ ಮೂಲ ಲೈಸೆನ್ಸ್ ಕಾರ್ಡೂ ಕೈಯಲ್ಲಿರಬೇಕು, ಫೋನಿನಲ್ಲಿರುವ ಡಿಜಿಲಾಕರ್ ಪ್ರತಿಯನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾರು ಯಾರ ಹೆಸರಿನಲ್ಲಿ ಬುಕ್ ಆಗಿದೆಯೋ ಅವರದೇ ಹೆಸರಿನ ಕ್ರೆಡಿಟ್ ಕಾರ್ಡು ಬೇಕು. ಠೇವಣಿಯಾಗಿ ನೂರಾರು ಯೂರೋ, ಕೆಲವೊಮ್ಮೆ ಸಾವಿರ ದಾಟಿ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡು, ಫಾರೆಕ್ಸ್ ಕಾರ್ಡು ತೋರಿಸಿ ಕೌಂಟರಿನಿಂದ ಬರಿಗೈಲಿ ಮರಳುವವರು ಬಹಳ. ಹೆಂಡತಿಯೂ ಓಡಿಸುವುದಾದರೆ ಅವರ ಹೆಸರನ್ನೂ ಒಪ್ಪಂದದಲ್ಲಿ ಸೇರಿಸಿ, ಇಲ್ಲದಿದ್ದರೆ ಅವರು ಓಡಿಸುವಾಗ ಏನಾದರೂ ಆದರೆ ವಿಮೆ ಕೈಕೊಡುತ್ತದೆ.

ಕಾರು ಆರಿಸುವಾಗ ಎರಡು ಎಳೆತಗಳಿವೆ. ಓಣಿಗೆ ಚಿಕ್ಕ ಕಾರು ಬೇಕು, ನಾಲ್ಕು ಜನರ ಸಾಮಾನಿಗೆ ದೊಡ್ಡದು ಬೇಕು. ಫಿಯಟ್ ಪಾಂಡಾದಂಥದರ ಡಿಕ್ಕಿಯಲ್ಲಿ ದೊಡ್ಡ ಸೂಟ್‌ಕೇಸು ಒಂದು ಹಿಡಿದರೆ ಹೆಚ್ಚು. ಉಳಿದದ್ದನ್ನು ಸೀಟಿನ ಮೇಲೆ ಇಟ್ಟು ಕಡಲತೀರದಲ್ಲಿ ಕಾರು ನಿಲ್ಲಿಸಿದರೆ ಗಾಜು ಒಡೆಯುವವರಿಗೆ ಆಹ್ವಾನ ಕೊಟ್ಟಂತೆ. ನನ್ನ ಸಲಹೆ: ತಲೆಗೊಂದು ಕ್ಯಾಬಿನ್ ಗಾತ್ರದ ಪೆಟ್ಟಿಗೆ, ಅದಕ್ಕಿಂತ ದೊಡ್ಡದು ಬೇಡ, ಐದು ಬಾಗಿಲಿನ ಮಧ್ಯಮ ಹ್ಯಾಚ್‌ಬ್ಯಾಕ್. ಗೇರಿನ ಕಾರು ಅಲ್ಲಿ ಸಾಮಾನ್ಯ, ಆಟೊಮ್ಯಾಟಿಕ್ ಬೇಕೆಂದರೆ ಮೊದಲೇ ಬುಕ್ ಮಾಡಬೇಕು. ಮೊದಲ ಸಲ ಬಲಬದಿಯಲ್ಲಿ ಓಡಿಸುವವರಿಗೆ ಆ ಹೆಚ್ಚಿನ ಹಣ ವ್ಯರ್ಥವಲ್ಲ, ಬಲಗೈಯಲ್ಲಿ ಗೇರು ಹುಡುಕುವ ತಲೆನೋವು ತಪ್ಪುತ್ತದೆ. ವಿಮೆಯ ಕಾಗದದಲ್ಲಿ ಟೈರು, ಗಾಜು, ಕಾರಿನ ತಳ ಸೇರಿವೆಯೇ ನೋಡಿ, ಮೂಲ ವಿಮೆಯಲ್ಲಿ ಈ ಮೂರೂ ಬಿಟ್ಟುಹೋಗಿರುವುದೇ ಹೆಚ್ಚು. ಕಾರು ಕೈಗೆ ಬಂದ ಕೂಡಲೇ ನಾಲ್ಕು ಚಕ್ರದ ರಿಮ್ಮು, ಬಂಪರಿನ ಕೆಳಭಾಗ, ಕನ್ನಡಿಗಳನ್ನು ನಿಧಾನವಾಗಿ ವಿಡಿಯೊ ಮಾಡಿಕೊಳ್ಳಿ.

ರಿಮ್ಮು ಎಂದದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಚಾಲಕ ಕಾರಿನ ಬಲಗಡೆ ಕೂರುತ್ತಾನೆ, ಕಾರಿನ ಹೆಚ್ಚಿನ ಭಾಗ ಅವನ ಎಡಕ್ಕಿರುತ್ತದೆ. ಲೇನಿನಲ್ಲಿ ತನ್ನ ಮೈ ಎಲ್ಲಿರಬೇಕು ಎಂಬುದು ವರ್ಷಗಳಿಂದ ರೂಢಿಯಾಗಿರುತ್ತದೆ. ಅಲ್ಲಿ ಎಡಗಡೆ ಕೂತು ಅದೇ ರೂಢಿಯಲ್ಲಿ ಓಡಿಸಿದರೆ ಇಡೀ ಕಾರು ಬಲಕ್ಕೆ ಜಾರುತ್ತದೆ. ಬಲಗಡೆಯ ಚಕ್ರ ಕಲ್ಲಿನ ಅಂಚಿಗೆ ಉಜ್ಜುತ್ತದೆ, ಬಲಗಡೆಯ ಕನ್ನಡಿ ಗೋಡೆಗೆ ತಾಗುತ್ತದೆ. ಪರಿಹಾರ: ಮಧ್ಯದ ಗೆರೆ ನಿಮ್ಮ ಎಡ ಭುಜದ ಪಕ್ಕದಲ್ಲೇ ಓಡುತ್ತಿರುವಂತೆ ಇಟ್ಟುಕೊಳ್ಳಿ. ಮುಂದಿನ ಸೀಟಿನಲ್ಲಿರುವವರು ಬಲ ಅಂಚು ಹತ್ತಿರವಾದಾಗ ಕೂಗಿ ಹೇಳಲಿ. ವೃತ್ತದಲ್ಲಿ ಅಪ್ರದಕ್ಷಿಣವಾಗಿ ತಿರುಗಬೇಕು, ಪ್ರವೇಶಿಸುವಾಗ ಎಡಕ್ಕೆ ನೋಡಬೇಕು. ಸಂಚಾರವಿದ್ದಾಗ ಮುಂದಿನವರನ್ನು ನೋಡಿ ಸರಿಯಾಗಿಯೇ ಹೋಗುತ್ತೀರಿ; ಅಪಾಯ ಇರುವುದು ಖಾಲಿ ರಸ್ತೆಯಲ್ಲಿ, ಬೆಳಗ್ಗೆ ಪೆಟ್ರೋಲ್ ಬಂಕಿನಿಂದ ಹೊರಬಂದು ಎಡಕ್ಕೆ ತಿರುಗುವಾಗ. ಕೈ ತಾನಾಗಿ ಎಡ ಲೇನಿಗೆ ಎಳೆಯುತ್ತದೆ. ಅಲ್ಲಿ ಒಂದು ಕ್ಷಣ ನಿಂತು, ಜೋರಾಗಿ 'ಬಲಕ್ಕೆ' ಎಂದು ಹೇಳಿಕೊಂಡೇ ಹೊರಡಿ.

ವೇಗದ ಮಿತಿ ಊರೊಳಗೆ 50, ಸಾಮಾನ್ಯ ಹೊರರಸ್ತೆಯಲ್ಲಿ 90, ಎರಡು ಕಡೆ ಬೇರ್ಪಟ್ಟ ಮುಖ್ಯ ರಸ್ತೆಯಲ್ಲಿ 110, ಮೋಟರ್‌ವೇಯಲ್ಲಿ 130. ಮಳೆ ಬಂದರೆ ಕೊನೆಯ ಎರಡು 90 ಮತ್ತು 110ಕ್ಕೆ ಇಳಿಯುತ್ತವೆ. ಫಲಕ ಇದಕ್ಕಿಂತ ಕಡಿಮೆ ತೋರಿಸಿದರೆ ಫಲಕದ್ದೇ ಮಾತು. ಬಾರಿಯಿಂದ ಲೆಚ್ಚೆವರೆಗಿನ ರಸ್ತೆಯಲ್ಲಿ ಮಿತಿ ಆಗಾಗ ಇಳಿಯುತ್ತದೆ, ಕ್ಯಾಮೆರಾಗಳೂ ಇವೆ. ಕೈಯಲ್ಲಿ ಫೋನು ಹಿಡಿದು ಸಿಕ್ಕಿಬಿದ್ದರೆ 2024ರ ಡಿಸೆಂಬರಿನಿಂದ ಕನಿಷ್ಠ 250 ಯೂರೋ ದಂಡ. ಒಂದು ಫೋನ್ ಸ್ಟ್ಯಾಂಡನ್ನು ಮನೆಯಿಂದಲೇ ಒಯ್ಯಿರಿ.

ಈಗ ದಾರಿ. ಎಂಟು ದಿನ, ಏಳು ರಾತ್ರಿ: ಬಾರಿಯಲ್ಲಿ ಒಂದು, ಇತ್ರಿಯಾ ಕಣಿವೆಯಲ್ಲಿ ಎರಡು, ಲೆಚ್ಚೆಯಲ್ಲಿ ಎರಡು, ಮತೇರಾದಲ್ಲಿ ಎರಡು. ದಿನಕ್ಕೊಂದು ಹೋಟೆಲು ಬದಲಿಸಿದರೆ ಹಿರಿಯರಿಗೆ ಪ್ರವಾಸವೆಲ್ಲ ಪೆಟ್ಟಿಗೆ ಕಟ್ಟುವುದೇ ಆಗುತ್ತದೆ.

ಬಾರಿಗೆ ಇಳಿದ ದಿನ ಕಾರು ತೆಗೆದುಕೊಳ್ಳಬೇಡಿ. ವಿಮಾನ ನಿಲ್ದಾಣದಿಂದ ಊರಿಗೆ ರೈಲಿದೆ. ನಿದ್ದೆಗೆಟ್ಟ ಕಣ್ಣಲ್ಲಿ ಮೊದಲ ಬಾರಿ ಬಲಬದಿಯ ಚಾಲನೆ ಬೇಡ. ಸಂಜೆ ಹಳೆ ಬಾರಿಯಲ್ಲಿ ಸಂತ ನಿಕೋಲಸನ ಬಸಿಲಿಕಾ ನೋಡಿ. 1087ರಲ್ಲಿ ನಾವಿಕರು ಈಗಿನ ಟರ್ಕಿಯಲ್ಲಿರುವ ಮೀರಾದಿಂದ ತಂದ ಸಂತನ ಅಸ್ಥಿಗಳು ಅದರ ನೆಲಮಾಳಿಗೆಯಲ್ಲಿವೆ. ಮರುದಿನ ಬೆಳಗ್ಗೆ ಮತ್ತೆ ರೈಲಿನಲ್ಲಿ ನಿಲ್ದಾಣಕ್ಕೆ ಹೋಗಿ ಕಾರು ಪಡೆಯಿರಿ, ಪಾರ್ಕಿಂಗ್ ಜಾಗದಲ್ಲೇ ಕಾಲು ಗಂಟೆ ಸುತ್ತಿ ಕೈ ಪಳಗಿಸಿಕೊಂಡು ಹೊರಡಿ. ಅಲ್ಲಿಂದ ಬೇಗನೆ ವೇಗದ ವರ್ತುಲ ರಸ್ತೆ ಎದುರಾಗುತ್ತದೆ.

ಪೊಲಿನ್ಯಾನೊ ಆ ಮಾರೆ ಬಾರಿಯಿಂದ ಸುಮಾರು 35 ಕಿಲೋಮೀಟರು. ಬಂಡೆಯ ತುದಿಯಲ್ಲಿ ಮನೆಗಳು, ಕೆಳಗೆ ಎರಡು ಬಂಡೆಗಳ ನಡುವಿನ ಪುಟ್ಟ ಕಲ್ಲುಮರಳಿನ ದಂಡೆ. ಎರಡು ಗಂಟೆ ಸಾಕು. ಮೊನೋಪೊಲಿಯ ಹಳೆ ಬಂದರಿನಲ್ಲಿ ಜನ ಇನ್ನೂ ಬದುಕುತ್ತಿದ್ದಾರೆ, ನನಗೆ ಅದೇ ಹೆಚ್ಚು ಇಷ್ಟ. ಅಲ್ಲಿಂದ ಒಳನಾಡಿಗೆ ಏರಿದರೆ ಇತ್ರಿಯಾ ಕಣಿವೆ: ಅಲ್ಬೆರೊಬೆಲ್ಲೊ, ಲೊಕೊರೊತೊಂದೊ, ಚಿಸ್ತೆರ್ನಿನೊ, ಮಾರ್ತೀನಾ ಫ್ರಾಂಕಾ.

ಅಲ್ಬೆರೊಬೆಲ್ಲೊದ ಶಂಕುವಿನಾಕಾರದ 'ತ್ರುಲ್ಲಿ' ಮನೆಗಳು 1996ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಗಾರೆಯಿಲ್ಲದೆ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಂದರ ಮೇಲೊಂದು ಒಳಕ್ಕೆ ಸರಿಸುತ್ತಾ ಪೇರಿಸಿದ ಚಾವಣಿ. ಅನುಮತಿಯಿಲ್ಲದ ಊರಿಗೆ ದೊರೆಯ ತೆರಿಗೆ ಬೀಳದಿರಲಿ, ತಪಾಸಣೆ ಬಂದರೆ ಕೂಡಲೇ ಕೆಡವಬಹುದು ಎಂದು ಕೊನ್ವೆರ್ಸಾನೊದ ಜಮೀನ್ದಾರರು ಗಾರೆಯಿಲ್ಲದೆ ಕಟ್ಟಿಸಿದರೆಂಬುದು ಅಲ್ಲಿಯ ಪ್ರತೀತಿ. 1797ರಲ್ಲಿ ನೇಪಲ್ಸಿನ ದೊರೆ ನಾಲ್ಕನೆಯ ಫೆರ್ಡಿನಾಂಡ್ ಈ ಊರನ್ನು ಅವರ ಹಿಡಿತದಿಂದ ಬಿಡಿಸಿದ. ಹತ್ತು ಗಂಟೆಗೆ ಟೂರ್ ಬಸ್ಸುಗಳು ಬಂದ ಮೇಲೆ ಮೊಂತಿ ಬಡಾವಣೆ ಅಂಗಡಿಸಾಲಾಗುತ್ತದೆ. ಬೆಳಗ್ಗೆ ಒಂಬತ್ತರೊಳಗೆ ಹೋಗಿ, ಅಥವಾ ಸಂಜೆ ಆರರ ಮೇಲೆ. ಮೇ ಕೊನೆಗೆ ಎಂಟು ಗಂಟೆಯವರೆಗೂ ಬೆಳಕಿರುತ್ತದೆ. ಎದುರಿನ ಆಯಾ ಪಿಕ್ಕೊಲಾ ಬಡಾವಣೆಯಲ್ಲಿ ಈಗಲೂ ಸಂಸಾರಗಳಿವೆ, ಅದನ್ನು ಬಿಡಬೇಡಿ. ವಸತಿಗೆ ಲೊಕೊರೊತೊಂದೊ ಹೊರವಲಯದಲ್ಲಿ ಸ್ವಂತ ಪಾರ್ಕಿಂಗ್ ಇರುವ ತೋಟದ ಮನೆ ಹುಡುಕಿ. ಈ ಕಣಿವೆಯಲ್ಲಿ ಮ್ಯಾಪು ಎರಡು ನಿಮಿಷ ಉಳಿಸಲು ಕಲ್ಲುಗೋಡೆಗಳ ನಡುವಿನ ಒಂದು ಕಾರಿನಗಲದ ದಾರಿಗೆ ಇಳಿಸುತ್ತದೆ. ಸಂಖ್ಯೆಯಿರುವ ಪ್ರಾಂತೀಯ ರಸ್ತೆಯಲ್ಲೇ ಇರಿ.

ಲೆಚ್ಚೆಗೆ ಹೋಗುವಾಗ ಒಸ್ತೂನಿ ಸಿಗುತ್ತದೆ. ಸುಣ್ಣ ಬಳಿದ ಆ ಊರು ಒಳಗಿಗಿಂತ ಕೆಳಗಿನ ಬಯಲಿನಿಂದ ಚೆಂದ, ಮತ್ತು ಆ ಬಯಲಿನ ಹಳೆಯ ಆಲಿವ್ ಮರಗಳು ಊರಿಗಿಂತ ಚೆಂದ. ಲೆಚ್ಚೆಯ ದಕ್ಷಿಣಕ್ಕೆ ಹೋದಂತೆ ಒಣಗಿ ಬೂದಿಬಣ್ಣವಾದ ಆಲಿವ್ ತೋಪುಗಳು ಸಾಲುಸಾಲಾಗಿ ಕಾಣುತ್ತವೆ. 2013ರಲ್ಲಿ ಗಲ್ಲೀಪೊಲಿ ಸುತ್ತ ಪತ್ತೆಯಾದ ಕ್ಸಿಲೆಲ್ಲಾ ಎಂಬ ಬ್ಯಾಕ್ಟೀರಿಯಾದ ಕೆಲಸ ಅದು. ಗಿಡದ ನೀರಿನ ನಾಳಗಳನ್ನೇ ಕಟ್ಟಿ ಒಣಗಿಸುತ್ತದೆ. ತಲೆಮಾರುಗಳಿಂದ ಸಾಕಿದ ಮರಗಳು ಹೀಗೆ ನಿಂತಿರುವುದನ್ನು ನೋಡಲು ಮನಸ್ಸು ಗಟ್ಟಿಮಾಡಿಕೊಳ್ಳಬೇಕು.

ಲೆಚ್ಚೆ ಸಮತಟ್ಟಾದ ಊರು, ಅಪ್ಪ-ಅಮ್ಮನಿಗೆ ಇಡೀ ಪ್ರವಾಸದಲ್ಲಿ ನಡೆಯಲು ಹಿತವಾದದ್ದು ಇದೇ. ಅಲ್ಲಿಯ ಜೇನುಬಣ್ಣದ ಕಲ್ಲು ಮೆತ್ತಗೆ, ಉಳಿಗೆ ಬೇಗ ಮಣಿಯುತ್ತದೆ. ಅದಕ್ಕೇ ಸಾಂತಾ ಕ್ರೋಚೆ ಚರ್ಚಿನ ಮುಖದಲ್ಲಿ ಅಂಗೈಯಗಲವೂ ಖಾಲಿ ಬಿಟ್ಟಿಲ್ಲ. ಬೇಲೂರು-ಹಳೇಬೀಡಿನ ಬಳಪದ ಕಲ್ಲನ್ನು ಕಂಡವರಿಗೆ ಇದರ ಗುಟ್ಟು ಹೇಳಬೇಕಿಲ್ಲ. ಎಲ್ಲ ಊರಲ್ಲೂ ಬಹುತೇಕ ಚರ್ಚುಗಳು ಮಧ್ಯಾಹ್ನ ಮುಚ್ಚಿ ಮೂರು-ನಾಲ್ಕಕ್ಕೆ ತೆರೆಯುತ್ತವೆ, ಆ ಹೊತ್ತನ್ನು ಊಟಕ್ಕೋ ಪ್ರಯಾಣಕ್ಕೋ ಬಳಸಿ.

ಲೆಚ್ಚೆಯಿಂದ ಒಂದು ಪೂರ್ತಿ ದಿನ ಕರಾವಳಿಗೆ ಕೊಡಿ, ಮತ್ತು ದಿಕ್ಕನ್ನು ಯೋಚಿಸಿ ಹಿಡಿಯಿರಿ. ಹೆಚ್ಚಿನವರು ಒತ್ರಾಂತೊದಿಂದ ದಕ್ಷಿಣಕ್ಕೆ ಲೆಯುಕಾಗೆ ಹೋಗುತ್ತಾರೆ. ನಾನು ಹೇಳುವುದು ಉಲ್ಟಾ: ಬೆಳಗ್ಗೆ ಗಲ್ಲೀಪೊಲಿ, ಮಧ್ಯಾಹ್ನಕ್ಕೆ ಸಾಂತಾ ಮರಿಯಾ ದಿ ಲೆಯುಕಾ, ಊಟವಾದ ಮೇಲೆ ಪೂರ್ವ ದಂಡೆ ಹಿಡಿದು ಉತ್ತರಕ್ಕೆ ಒತ್ರಾಂತೊ. ಬಲಬದಿಯ ಸಂಚಾರದಲ್ಲಿ ಉತ್ತರಕ್ಕೆ ಹೋಗುವಾಗ ಕಡಲು ನಿಮ್ಮ ಬಲಕ್ಕೇ ಬರುತ್ತದೆ, ನೋಟದ ಜಾಗಗಳಿಗೆ ರಸ್ತೆ ದಾಟದೆ ಸರಿಯಬಹುದು. ಕಡಲಿನ ಕಡೆ ನೋಡುವಾಗ ಸೂರ್ಯ ಬೆನ್ನ ಹಿಂದೆ ಪಶ್ಚಿಮದಲ್ಲಿದ್ದು ಬಂಡೆಗಳ ಮೇಲೂ ನೀರಿನ ಮೇಲೂ ಬೆಳಕು ಬೀಳುತ್ತದೆ. ಬೆಳಗ್ಗೆಯಾದರೆ ಕಣ್ಣಿಗೇ ಹೊಡೆಯುತ್ತದೆ. ಅಂಚಿನ ರಸ್ತೆಯೆಂದರೆ ಹೆದರಿಕೆಯಿದ್ದರೆ ಮಾತ್ರ ದಕ್ಷಿಣಕ್ಕೆ ಹೋಗಿ, ಆಗ ನಿಮ್ಮ ಲೇನು ಬೆಟ್ಟದ ಕಡೆಗಿರುತ್ತದೆ. ಒಟ್ಟು ಸುತ್ತು 190 ಕಿಲೋಮೀಟರಿನಷ್ಟು. ಕೊರಕಲಿನ ಮೇಲಿನ ಚಿಯೊಲೊ ಸೇತುವೆ, ತ್ರಿಕಾಸೆಯ ಪುಟ್ಟ ಬಂದರು, ಕಾಸ್ತ್ರೊ, ಗಂಧಕದ ಬಿಸಿನೀರಿನ ಸಾಂತಾ ಚೆಸಾರೆಯಾ ಎಲ್ಲ ಇದೇ ದಾರಿಯಲ್ಲಿವೆ.

ಈಜುವ ಮನಸ್ಸಿದ್ದರೆ ಗಾಳಿ ನೋಡಿ. ಉತ್ತರದ ತ್ರಮೊಂತಾನಾ ಬೀಸುವ ದಿನ ಪೂರ್ವದ ಆಡ್ರಿಯಾಟಿಕ್ ಕಡಲು ಏಳುತ್ತದೆ, ಪಶ್ಚಿಮದ ಅಯೋನಿಯನ್ ಶಾಂತ. ದಕ್ಷಿಣದ ಶಿರೊಕ್ಕೊ ಬೀಸಿದರೆ ತಿರುಗುಮುರುಗು. ಭೂಮಿ ಅಷ್ಟು ಕಿರಿದಾದ್ದರಿಂದ ಬೆಳಗ್ಗೆ ಗಾಳಿ ನೋಡಿ ದಂಡೆ ಆರಿಸುವುದು ಅಲ್ಲಿಯವರ ವಾಡಿಕೆ.

ಒತ್ರಾಂತೊ ಕತೀಡ್ರಲಿನ ನೆಲಕ್ಕೆ ಒಂದು ಗಂಟೆ ಮೀಸಲಿಡಿ. 1163ರಿಂದ 1165ರ ನಡುವೆ ಪಾಂತಲೆಯೋನೆ ಎಂಬ ಸನ್ಯಾಸಿಯ ಮುಂದಾಳತ್ವದಲ್ಲಿ ಹಾಸಿದ ಮೊಸಾಯಿಕ್ ಅದು. ಬಾಗಿಲಿನಿಂದ ಗರ್ಭಗುಡಿಯ ಕಡೆಗೆ ಒಂದು ಮಹಾವೃಕ್ಷ ಉದ್ದಕ್ಕೂ ಚಾಚಿದೆ, ಅದರ ಬುಡ ನಿಂತಿರುವುದು ಎರಡು ಆನೆಗಳ ಬೆನ್ನ ಮೇಲೆ. ಕೊಂಬೆಗಳಲ್ಲಿ ನೋಹನ ನಾವೆ, ಬೇಬೆಲ್ ಗೋಪುರ, ಹನ್ನೆರಡು ತಿಂಗಳ ಕೃಷಿಕೆಲಸ, ಆರ್ಥರ್ ದೊರೆ, ಗ್ರಿಫಿನ್‌ಗಳು ಹೊತ್ತೊಯ್ಯುವ ಅಲೆಕ್ಸಾಂಡರ್. ಪಕ್ಕದ ಪ್ರಾರ್ಥನಾಗೃಹದ ಗಾಜಿನ ಹಿಂದೆ 1480ರಲ್ಲಿ ಆಟೊಮನ್ ಸೈನ್ಯ ಊರು ಹಿಡಿದಾಗ ಸತ್ತ ಎಂಟುನೂರು ಜನರ ಎಲುಬುಗಳಿವೆ. ಅಪ್ಪ-ಅಮ್ಮನಿಗೆ ಮೊದಲೇ ಹೇಳಿ, ಎಲ್ಲರಿಗೂ ನೋಡಲಾಗುವುದಿಲ್ಲ.

ಲೆಚ್ಚೆಯಿಂದ ತಾರಾಂತೊ ಮೇಲೆ ಮತೇರಾಕ್ಕೆ ಎರಡೂವರೆ ಗಂಟೆ ಹಿಡಿಯುತ್ತದೆ. ಕಂದರದ ಅಂಚಿನ ಸುಣ್ಣಕಲ್ಲಿನಲ್ಲಿ ಕೊರೆದ ಮನೆಗಳಿವೆ, ಸಾಸ್ಸಿ ಎನ್ನುತ್ತಾರೆ. ಜನ-ದನ ಒಂದೇ ಗುಹೆಯಲ್ಲಿ ಬದುಕುತ್ತಿದ್ದ ಅಲ್ಲಿಂದ 1952ರ ಕಾನೂನಿನ ಮೂಲಕ ಸುಮಾರು 15,000 ಜನರನ್ನು ಹೊಸ ಬಡಾವಣೆಗಳಿಗೆ ಸ್ಥಳಾಂತರಿಸಿದರು. 1993ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಕಾರನ್ನು ಮೇಲಿನ ಹೊಸ ಊರಿನ ಕಾವಲಿರುವ ಪಾರ್ಕಿಂಗಿನಲ್ಲಿ ಬಿಡಿ, ಎರಡು ರಾತ್ರಿಗೆ ಬೇಕಾದಷ್ಟನ್ನು ಮಾತ್ರ ಕೈಚೀಲದಲ್ಲಿ ಒಯ್ಯಿರಿ. ಅಲ್ಲಿ ಬೀದಿ ಎಂದರೆ ಮೆಟ್ಟಿಲು, ಸವೆದು ನುಣುಪಾದ ಮೆಟ್ಟಿಲು. ಗುಹೆಯ ಕೋಣೆಗಳು ತಂಪು ಮತ್ತು ತೇವ. ಮಂಡಿನೋವು, ಉಬ್ಬಸ ಇರುವ ಹಿರಿಯರಿದ್ದರೆ ಸಾಸ್ಸಿಯ ಮೇಲಂಚಿನಲ್ಲಿ ಮಾಮೂಲಿ ಕೋಣೆ ತೆಗೆದುಕೊಳ್ಳಿ. ವಿತ್ತೋರಿಯೊ ವೆನೆತೊ ಚೌಕದ ಕೆಳಗಿನ ಪಲೊಂಬಾರೊ ಲುಂಗೊ ಎಂಬ ಮಳೆನೀರಿನ ಮಹಾ ತೊಟ್ಟಿಯನ್ನು ಖಂಡಿತ ನೋಡಿ, ಅದಿಲ್ಲದೆ ಈ ಊರು ಬದುಕಿದ್ದು ಹೇಗೆಂದು ಅರ್ಥವಾಗುವುದಿಲ್ಲ.

ಸಸ್ಯಾಹಾರಿಗಳಿಗೆ ಪುಲ್ಯಾ ಒಳ್ಳೆಯ ಸೀಮೆ. ಒಣ ಅವರೆಯಂಥ ಫಾವಾ ಕಾಳಿನ ಗಟ್ಟಿ ಗೊಜ್ಜಿಗೆ ಕಹಿಸೊಪ್ಪು ಸೇರಿಸಿದ 'ಫಾವೆ ಎ ಚಿಕೋರಿಯಾ', ಕಡಲೆಕಾಳು ಮತ್ತು ಅರ್ಧ ಕರಿದ ಪಾಸ್ತಾದ 'ಚಿಚೆರಿ ಎ ತ್ರಿಯಾ', ಟೊಮೆಟೊ ಹಾಕಿದ ಫೊಕಾಚ್ಚಾ ರೊಟ್ಟಿ, ಅಲ್ತಮೂರಾದ ಗೋಧಿ ಬ್ರೆಡ್ಡು ಎಲ್ಲ ಬಡವರ ಮನೆಯ ಅಡುಗೆ, ಎಲ್ಲೆಡೆ ಸಿಗುತ್ತವೆ. ಎಚ್ಚರ ಬೇಕಾದದ್ದು ಮೂರು ಕಡೆ. ಸೊಪ್ಪಿನ ಒರೆಕ್ಕಿಯೆತ್ತೆ ಪಾಸ್ತಾಕ್ಕೆ ಸಣ್ಣ ಮೀನು ಹಾಕುತ್ತಾರೆ, 'ಸೆಂಝಾ ಅಚ್ಚೂಗೆ' ಎಂದು ಹೇಳಿ. ಲೆಚ್ಚೆಯ ಪಸ್ತಿಚ್ಚೊತ್ತೊ ಸಿಹಿಯ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಹಂದಿಕೊಬ್ಬು ಸೇರುತ್ತದೆ, 'ಸ್ತ್ರುತ್ತೊ' ಇದೆಯೇ ಎಂದು ಕೇಳಿ. ಹಳೆಮಾದರಿಯ ಚೀಸುಗಳಲ್ಲಿ ಕರುವಿನ ಹೊಟ್ಟೆಯ ಹೆಪ್ಪು ಇರುತ್ತದೆ, ಕಟ್ಟುನಿಟ್ಟಿನವರು ಅವನ್ನು ಬಿಡಬೇಕಾಗುತ್ತದೆ. ಸಂಜೆ ಏಳೂವರೆಗೆ ಮುಂಚೆ ಅಡುಗೆಮನೆ ತೆರೆಯುವುದಿಲ್ಲ.

ಇಂಧನ: ಪೆಟ್ರೋಲು 'ಬೆಂಝೀನಾ', ದುಂಡು ಗುರುತು, ಡೀಸೆಲು 'ಗಝೋಲಿಯೊ', ಚೌಕ ಗುರುತು. 'ಸೆಲ್ಫ್' ಪಂಪು ಅಗ್ಗ, ಆಳು ಬಂದು ತುಂಬುವ 'ಸೆರ್ವೀತೊ' ದುಬಾರಿ. ಮಧ್ಯಾಹ್ನ ಮತ್ತು ಭಾನುವಾರ ಸಣ್ಣ ಊರಿನ ಬಂಕುಗಳಲ್ಲಿ ಯಂತ್ರ ಮಾತ್ರ; ಮೊದಲು ನೋಟು ಹಾಕಿ ಪಂಪಿನ ಸಂಖ್ಯೆ ಒತ್ತಬೇಕು, ಚಿಲ್ಲರೆ ಬರುವುದಿಲ್ಲ. ಕಾರ್ಡು ಹಾಕಿದರೆ 100 ಯೂರೋದಷ್ಟು ತಡೆಹಿಡಿದು ಕೆಲವು ದಿನದ ಮೇಲೆ ಬಿಡುತ್ತದೆ. ಹತ್ತು-ಇಪ್ಪತ್ತರ ನೋಟುಗಳು ಜೇಬಲ್ಲಿರಲಿ.

ಕೊನೆಯ ದಿನ ಮತೇರಾದಿಂದ ಬಾರಿ ವಿಮಾನ ನಿಲ್ದಾಣಕ್ಕೆ ಅಲ್ತಮೂರಾ ಮೇಲೆ ಒಂದು ಗಂಟೆಗಿಂತ ತುಸು ಹೆಚ್ಚು. ದಾರಿಯಲ್ಲೇ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ, ಕಾರು ಒಪ್ಪಿಸುವಾಗ ಮತ್ತೊಮ್ಮೆ ವಿಡಿಯೊ ಮಾಡಿ. ಏನಾದರೂ ಉಲ್ಲಂಘನೆಯಾಗಿದ್ದರೆ ಮೊದಲು ಬಾಡಿಗೆ ಕಂಪನಿ ನಿಮ್ಮ ವಿಳಾಸವನ್ನು ಪೊಲೀಸರಿಗೆ ಕೊಟ್ಟದ್ದಕ್ಕೆ ಕಾರ್ಡಿನಿಂದ ಶುಲ್ಕ ಕಡಿಯುತ್ತದೆ. ಅದು ದಂಡವಲ್ಲ, ದಂಡದ ನೋಟಿಸು ಬೇರೆ, ವಿದೇಶಿಯರಿಗೆ ಅದನ್ನು ಕಳಿಸಲು 360 ದಿನದ ಅವಕಾಶವಿದೆ. ಕೈಸೇರಿದ ಐದು ದಿನದೊಳಗೆ ಕಟ್ಟಿದರೆ ಶೇಕಡಾ 30 ಕಡಿತ. ಹೋಟೆಲಿನವರು ನಂಬರ್ ನೋಂದಾಯಿಸಿದ ಮೆಸೇಜು, ಪಾರ್ಕಿಂಗ್ ಚೀಟಿಗಳು, ಬಾಡಿಗೆ ಒಪ್ಪಂದ, ಇಷ್ಟನ್ನು ಒಂದು ವರ್ಷ ಎಸೆಯಬೇಡಿ.